ಗೆಳೆಯರು ಅಚ್ಚು ಹಾಕಿಸಿದ ಗ್ರಂಥಗಳು

ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ದಾರಿಯಲ್ಲಿ, ಕನ್ನಡನಾಡಿನ ತೆಂಕಣ ಅಂಚಿನಲ್ಲಿ, ಬಿಳಿಗಿರಿರಂಗನ ಬೆಟ್ಟದ ಕಾಡಿಗೆ ತಗುಲಿಕೊಂಡಂತೆ ಪುಣಜನೂರೆಂಬ ಊರಿರುವುದು. ಹೆದ್ದಾರಿಯ ಸದ್ದೊಂದನ್ನು ಬಿಟ್ಟರೆ ಮಿಕ್ಕದ್ದೆಲ್ಲವೂ ಕಾಡಿನ ಮೌನವೇ. ಇಂತಹ ಊರಿನ ಜಗಲಿಯಲ್ಲಿ ಒಂದು ಭಾನುವಾರ ಇಬ್ಬರು ಹಳೆಯ ಮಿತ್ರರು ಕುಳಿತಿರುವರೆಂದು ಭಾವಿಸೋಣ. ಒಬ್ಬರು ಬೆಳಗಿನ ಆರಾಧನೆ ಮುಗಿಸಿ ಬಂದ ಕ್ರೈಸ್ತರು. ಮತ್ತೊಬ್ಬರು ವೈಷ್ಣವರೋ ವೀರಶೈವರೋ ಆಗಿರಲಿ. ನಡುವೆ ಜೈಮಿನಿ ಭಾರತವೋ ದಾಸರ ಪದಗಳೋ ತೆರೆದಿವೆ. ಒಬ್ಬರ ದೇವರನ್ನು ಮತ್ತೊಬ್ಬರು ಪೂಜಿಸುವುದಿಲ್ಲ. ಆದರೂ ಓದು ಸಾಗುತ್ತದೆ. ಇದು ಹೇಗೆ ಸಾಧ್ಯವೆಂದು ಕೇಳುವವರು ಆ ಪುಸ್ತಕಗಳು ಅಚ್ಚಿಗೆ ಬಂದ ಕಥೆಯನ್ನು ತಿಳಿದುಕೊಳ್ಳಬೇಕು.

ಪುಣಜನೂರಿನಿಂದ ನೈಋತ್ಯಕ್ಕೆ, ಮೋಯಾರ್ ಕಣಿವೆಯ ಆಚೆ, ನೀಲಗಿರಿಯಿರುವುದು. ಅಲ್ಲಿಯ ಕೇತಿ ಎಂಬ ಕಣಿವೆಯಲ್ಲಿ ಕ್ಯಾಸಮೇಜರ್ ಎಂಬ ಆಂಗ್ಲ ಗೃಹಸ್ಥರು ನೆಲೆಸಿದ್ದರು. ಮದರಾಸು ಸರಕಾರದಲ್ಲಿ ನ್ಯಾಯಾಧೀಶರಾಗಿದ್ದು ನಿವೃತ್ತರಾದವರು. ಸುತ್ತಲಿನ ಬಡಗರೊಡನೆ ಮಾತನಾಡಬೇಕೆಂದು ಇವರು ಇಳಿವಯಸ್ಸಿನಲ್ಲಿ ಕನ್ನಡವನ್ನು ಕಲಿತರು. ಬಡಗರ ನುಡಿ ಕನ್ನಡಕ್ಕೆ ತೀರ ಹತ್ತಿರದ್ದಷ್ಟೆ. ಬಾಸೆಲ್ ಮಿಶನ್ನಿನ ಪಾದ್ರಿ ಗಾಟ್‌ಫ್ರೀಡ್ ವೈಗಲ್ಲರೂ ಅಲ್ಲಿಯೇ ಕೆಲಸಮಾಡುತ್ತಿದ್ದರು. ಈ ವೈಗಲ್ಲರ ಆಪ್ತರೇ ಮಂಗಳೂರಿನ ಹರ್ಮನ್ ಮೋಗ್ಲಿಂಗರು. 1811ರಲ್ಲಿ ಜರ್ಮನಿಯಲ್ಲಿ ಹುಟ್ಟಿ, 1836ರಲ್ಲಿ ನಮ್ಮ ಕರಾವಳಿಗೆ ಬಂದವರು. ಕನ್ನಡದ ಮೊತ್ತಮೊದಲನೆಯ ವೃತ್ತಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು 1843ರ ಜುಲೈ 1ರಂದು ಹೊರಡಿಸಿದವರು ಇವರೇ.

ಕ್ಯಾಸಮೇಜರರು ಹಣ ಕೊಟ್ಟರು. ಗೆಳೆಯರು ಶ್ರಮ ಕೊಟ್ಟರು. ಓಲೆಗರಿಗಳಲ್ಲಿ ಮಲಗಿದ್ದ ಕನ್ನಡ ಕಾವ್ಯಗಳನ್ನು ಪಂಡಿತರ ನೆರವಿನಿಂದ ಪ್ರತಿಯೆತ್ತಿಸಿ, ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಮುದ್ರಿಸುವ ಕಾರ್ಯವು 1848ರಲ್ಲಿ ಆರಂಭವಾಯಿತು. ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಎಂಬುದು ಆ ಮಾಲೆಯ ಹೆಸರು. ಬಸವಪುರಾಣ, ಚೆನ್ನಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳು ಮುಂತಾದವು ಅದರಲ್ಲಿ ಬೆಳಕು ಕಂಡವು. ವೀರಶೈವರದು, ವೈಷ್ಣವರದು ಎಂಬ ಭೇದವನ್ನು ಪಾದ್ರಿಗಳು ಎಣಿಸಲಿಲ್ಲ. ಕ್ಯಾಸಮೇಜರರು ಮಾತ್ರ 1849ರಲ್ಲಿಯೇ ತೀರಿಕೊಂಡು, ಮಾಲೆ ಪೂರ್ಣವಾದುದನ್ನು ನೋಡಲಿಲ್ಲ. 1853ರ ವರೆಗೂ ಕೆಲಸ ನಡೆಯಿತು.

ಇವರು ಮತಪ್ರಚಾರಕ್ಕಾಗಿ ಬಂದವರೆಂಬುದನ್ನು ಮರೆಮಾಚಬೇಕಾಗಿಲ್ಲ. ಜನರ ಮನಸ್ಸನ್ನು ಅರಿಯಬೇಕಾದರೆ ಅವರು ಓದುವುದನ್ನು ತಾವೂ ಓದಬೇಕೆಂಬ ಲೆಕ್ಕಾಚಾರವೂ ಇದ್ದಿತು. ಆದರೆ ಬರಿಯ ಲೆಕ್ಕಾಚಾರದಿಂದ ಯಾರೂ ಪುರಂದರದಾಸರ ಪದಗಳನ್ನು ಜರ್ಮನ್ ಪದ್ಯವಾಗಿಸುವ ತೊಂದರೆಗೆ ಹೋಗುವುದಿಲ್ಲ! ಮೋಗ್ಲಿಂಗರು ಹಾಗೆ ಮಾಡಿದರು. ಅದಕ್ಕೆ ಪ್ರೀತಿಯೆಂದಲ್ಲದೆ ಬೇರೆ ಹೆಸರು ನನಗೆ ತೋಚದು.

ಪ್ರೀತಿಯೇನೋ ಸರಿ, ಅದರ ಬೆಲೆಯನ್ನು ತೆತ್ತವರು ಬಹಳ ಮಂದಿ. 1844ರ ಜನವರಿಯಲ್ಲಿ ಮಂಗಳೂರಿನ ಸಾರಸ್ವತ ಬ್ರಾಹ್ಮಣ ತರುಣ ಆನಂದರಾಯ ಕೌಂಡಿನ್ಯರು ದೀಕ್ಷಾಸ್ನಾನ ಪಡೆದು, ಗುರುಮಿತ್ರರ ಹೆಸರನ್ನೇ ಮುಂದಿಟ್ಟುಕೊಂಡು ಹರ್ಮನ್ ಆನಂದರಾಯರೆನಿಸಿದರು. ಊರೆಲ್ಲ ಕ್ಷೋಭೆಗೊಂಡಿತು. ಹುಟ್ಟಿದ ಮನೆಯ ಬಾಗಿಲು ಅವರಿಗೆ ಮುಚ್ಚಿತು. ಕೈಹಿಡಿದ ಪತ್ನಿಯೂ ಜೊತೆಗೆ ಬರಲಿಲ್ಲ. ಆ ಮನೆಯವರ ಸಂಕಟವು ಸಣ್ಣದಾಗಿದ್ದಿತೆಂದು ಹೇಳುವ ಎದೆ ಯಾವ ಗೃಹಸ್ಥನಿಗೂ ಇರಲಾರದು. ಮೋಗ್ಲಿಂಗರು 1846ರಲ್ಲಿ ಅವರನ್ನು ಬಾಸೆಲಿಗೆ ಕರೆದೊಯ್ದರು. ಅಲ್ಲಿ ಓದಿ, 1851ರಲ್ಲಿ ಗುರುದೀಕ್ಷೆ ಪಡೆದು, ಆನಂದರಾಯರು ತಾಯ್ನಾಡಿಗೇ ಹಿಂತಿರುಗಿದರು.

ಮುಂದೆ ಮೋಗ್ಲಿಂಗರ ದೇಹಸ್ಥಿತಿ ಕೆಟ್ಟಿತು. 1853ರಲ್ಲಿ ಸ್ವದೇಶಕ್ಕೆ ಹೊರಡುವ ಸನ್ನಾಹದಲ್ಲಿದ್ದವರು ಸೋಮಯ್ಯನೆಂಬ ಕೊಡವನ ಕೋರಿಕೆಗೆ ಮಣಿದು ಕೊಡಗಿಗೆ ಹೊರಟರು. ಅಲ್ಲಿ ಹೊಲೆಯರೆಂದು ದೂರವಿಡಲ್ಪಟ್ಟ ದುಡಿಯುವ ಜನರಿಗಾಗಿ ಕಟ್ಟಿದ ಊರಿಗೆ ಆನಂದಪುರವೆಂಬ ಹೆಸರಾಯಿತು. ಅದು ಕೌಂಡಿನ್ಯರ ಹೆಸರು. ಮನೆಯನ್ನು ಕಳೆದುಕೊಂಡವರ ಹೆಸರಿನಲ್ಲಿ, ಮನೆಯೇ ಇಲ್ಲದವರಿಗೆ ಊರಾದುದು ವಿಚಿತ್ರವಲ್ಲವೇ?

ವೈಗಲ್ಲರು 1855ರಲ್ಲಿ ಕಾಲವಾದರು. ಅವರ ವಿಧವೆ ಪಾಲಿನಮ್ಮನವರನ್ನು ಮೋಗ್ಲಿಂಗರು ವಿವಾಹವಾಗಿ, ಗೆಳೆಯನ ಸಂಸಾರವನ್ನು ತಮ್ಮದಾಗಿ ಮಾಡಿಕೊಂಡರು. ಕನ್ನಡ ಸಾಹಿತ್ಯದ ಕೆಲಸಕ್ಕಾಗಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯವು 1858ರಲ್ಲಿ ಮೋಗ್ಲಿಂಗರಿಗೆ ಡಾಕ್ಟರ್ ಪದವಿಯನ್ನಿತ್ತಿತು. ಮಂಗಳೂರಿನ ಓಲೆಗರಿಯ ಕವಿಗಳು ತಂದುಕೊಟ್ಟ ಪದವಿಯದು. 1860ರಲ್ಲಿ ಅವರು ಈ ದೇಶವನ್ನು ಬಿಟ್ಟರು, ಮರಳಿ ಬರಲಿಲ್ಲ.

ಅವರು ಕೈಬಿಟ್ಟ ನೂಲನ್ನು ಎತ್ತಿಕೊಂಡವರು ಫರ್ಡಿನಂಡ್ ಕಿಟ್ಟೆಲರು. 1853ರಲ್ಲಿ ಬಂದ ಇವರು ಕನ್ನಡದ ಮಹಾಕೋಶವನ್ನು 1894ರಲ್ಲಿ ಮಂಗಳೂರಿನಿಂದಲೇ ಹೊರತಂದರು. ಆ ಕೋಶದ ವಿಷಯ ಎಲ್ಲರಿಗೂ ಗೊತ್ತಿದೆ, ಇಲ್ಲಿ ವಿಸ್ತರಿಸುವುದಿಲ್ಲ. ಆದರೆ ಕೋಶವನ್ನು ಬಿಚ್ಚಿ ನೋಡಿದರೆ, ಶಬ್ದಾರ್ಥಕ್ಕೆ ಪ್ರಮಾಣವಾಗಿ ನಿಂತಿರುವವರು ಬಸವಪುರಾಣ, ಜೈಮಿನಿ ಭಾರತಗಳ ಕವಿಗಳೇ.

ಮೋಗ್ಲಿಂಗರು 1881ರಲ್ಲಿ ಎಸ್‌ಲಿಂಗೆನ್ನಿನಲ್ಲಿ ತೀರಿಕೊಂಡರು. ಕೌಂಡಿನ್ಯರು ಇನ್ನೂ ಹನ್ನೆರಡು ವರ್ಷ ಬದುಕಿದ್ದು, ಕೋಶವು ಹೊರಬರುವುದಕ್ಕೆ ಒಂದು ವರ್ಷ ಮೊದಲು, 1893ರಲ್ಲಿ, ಅವರನ್ನು ಹಿಂಬಾಲಿಸಿದರು.