‘ತೊಳೆದುಕೊಳ್ಳಲಿ’ ಮತ್ತು ಸ್ಪ್ಯಾನಿಷಿನ ‘ಸೆ ಲಾವೆ’

ಮುಂಡಗೋಡ ತಾಲೂಕಿನ ಇಂದೂರದಂಥ ಊರಿನಲ್ಲಿ ಮಕ್ಕಳು ಶಾಲೆಗೆ ಹೊರಡುವ ಹೊತ್ತಿಗೆ ಮನೆಮನೆಯಲ್ಲಿ ಕೇಳಬಹುದಾದ ಮಾತೊಂದುಂಟು: ‘ಅಂವ ಮೊದಲ ಮಾರಿ ತೊಳಕೊಳ್ಳಲಿ, ಆಮ್ಯಾಲೆ ನಾಷ್ಟಾ ಮಾಡಲಿ.’ ಹೀಗೆನ್ನುವ ತಾಯಿಗೆ ವ್ಯಾಕರಣದ ಹಂಗಿಲ್ಲ. ಆದರೂ ‘ತೊಳಕೊಳ್ಳಲಿ’ ಎಂಬ ಒಂದೇ ಪದದಲ್ಲಿ ಅವಳು ಮೂರು ಸಂಗತಿಗಳನ್ನು ಪೋಣಿಸಿರುತ್ತಾಳೆ. ತೊಳೆಯುವುದು ಕೆಲಸ, ‘ಕೊಳ್ಳು’ ಎಂಬುದು ಆ ಕೆಲಸದ ಫಲ ಮಾಡಿದವನಿಗೇ ಸಲ್ಲುವುದೆಂಬ ಸೂಚನೆ, ಕೊನೆಯ ‘ಅಲಿ’ ಎಂಬುದು ಕೆಲಸವಿನ್ನೂ ನಡೆದಿಲ್ಲ, ನಡೆಯಬೇಕೆಂಬ ಅಪೇಕ್ಷೆ.

ಸುಮಾರು ಇಪ್ಪತ್ತು ರಾಷ್ಟ್ರಗಳ ಆಡಳಿತ ಭಾಷೆಯೂ ವಿಶ್ವಸಂಸ್ಥೆಯ ಆರು ಅಧಿಕೃತ ಭಾಷೆಗಳಲ್ಲಿ ಒಂದೂ ಆದ ಸ್ಪ್ಯಾನಿಷನ್ನು ಕಲಿಯಹೊರಟ ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಇವೇ ಎರಡು ಸಂಗತಿಗಳು ಒಂದೆಡೆ ಕೂಡುವ ಸ್ಥಳದಲ್ಲಿ. ಕನ್ನಡದ ಹುಡುಗನೂ ಅಲ್ಲಿ ಎಡವುತ್ತಾನೆ. ಇದು ಸೋಜಿಗವೇ ಸರಿ. ಏಕೆಂದರೆ ಎರಡೂ ಅವನ ಮನೆಮಾತಿನಲ್ಲಿಯೇ ಇವೆ. ಆದರೆ ಅವನು ಸ್ಪ್ಯಾನಿಷನ್ನು ಕಲಿಯುವುದು ಸಾಮಾನ್ಯವಾಗಿ ಇಂಗ್ಲಿಷ್ ಪುಸ್ತಕದ ಮೂಲಕ. ‘ಕೊಳ್ಳು’ವಿಗೆ ಸರಿಹೊಂದುವ ಕ್ರಿಯಾರೂಪ ಇಂಗ್ಲಿಷಿನಲ್ಲಿಲ್ಲ, ಅಪೇಕ್ಷೆಯ ರೂಪವೂ ಅಲ್ಲಿ ಬಹುಮಟ್ಟಿಗೆ ಸವೆದುಹೋಗಿದೆ. ಮನೆಯ ಹಿತ್ತಲಲ್ಲಿ ಬಾವಿಯಿದ್ದರೂ ದೂರದ ಕೆರೆಗೆ ಕೊಡ ಹೊತ್ತು ಹೋದಂತೆ ಆಗುತ್ತದೆ ಅವನ ಪರಿ.

ಕೆಲಸದ ಫಲ ಯಾರಿಗೆಂಬುದನ್ನು ಕ್ರಿಯಾಪದದಲ್ಲಿಯೇ ತೋರಿಸುವ ಕ್ರಮ ಪ್ರಾಚೀನವಾದುದು. ಸಂಸ್ಕೃತದಲ್ಲಿ ಪರಸ್ಮೈಪದ, ಆತ್ಮನೇಪದ ಎಂಬ ವಿಭಾಗವಿದೆ. ಯಜಮಾನನಿಗಾಗಿ ಯಾಗ ಮಾಡುವ ಪುರೋಹಿತನಿಗೆ ‘ಯಜತಿ’ ಎಂಬ ರೂಪ, ಫಲ ತನಗಾಗುವ ಯಜಮಾನನಿಗೆ ‘ಯಜತೇ’ ಎಂಬ ರೂಪ. ಫಲವು ಕರ್ತೃವಿಗೆ ಸಲ್ಲುವಾಗ ಆತ್ಮನೇಪದವೆಂದು ಪಾಣಿನಿ ಸೂತ್ರವನ್ನೇ ರಚಿಸಿದ್ದಾನೆ. ಅದಕ್ಕೆ ವಿಧಿಯ ಅರ್ಥ ಕೂಡಿದರೆ ‘ಯಜೇತ’, ಎಂದರೆ ತನಗಾಗಿ ಯಾಗ ಮಾಡಿಕೊಳ್ಳಲಿ. ಮುಂದೆ ಸಂಸ್ಕೃತ ಕವಿಗಳು ಈ ಭೇದವನ್ನು ಅಷ್ಟೇನೂ ಬಿಗಿಯಾಗಿ ಪಾಲಿಸಲಿಲ್ಲವೆಂಬುದು ಬೇರೆ ಮಾತು.

ಕನ್ನಡ ಹಿಡಿದ ದಾರಿ ಬೇರೆ. ‘ಕೊಳ್’ ಎಂಬ ಧಾತುವಿನ ಮೂಲಾರ್ಥ ತೆಗೆದುಕೊಳ್ಳುವುದು, ಸ್ವೀಕರಿಸುವುದು. ಸಂತೆಯಲ್ಲಿ ಕೊಳ್ಳುವುದೂ ಇದೇ. ಅದೇ ಧಾತು ಇನ್ನೊಂದು ಕ್ರಿಯೆಯ ಬೆನ್ನಿಗೆ ನಿಂತಾಗ ‘ತನಗಾಗಿ’ ಎಂಬ ಅರ್ಥವನ್ನು ತರುತ್ತದೆ. ತಮಿಳಿನ ‘ಕೊಳ್’, ತೆಲುಗಿನ ‘ಕೊನು’ ಇದೇ ಕೆಲಸವನ್ನು ಮಾಡುವುದರಿಂದ ಇದು ದ್ರಾವಿಡ ಭಾಷೆಗಳು ಹಂಚಿಕೊಂಡ ಸೊತ್ತು ಎನ್ನಬಹುದು.

ಸ್ಪ್ಯಾನಿಷಿನಲ್ಲಿ ‘ಲಾವಾರ್’ ಎಂದರೆ ತೊಳೆ, ‘ಲಾವಾರ್‌ಸೆ’ ಎಂದರೆ ತೊಳೆದುಕೊಳ್ಳು. (ಬರಹದ ಆ ‘ವ’ಕಾರವನ್ನು ಅವರು ‘ಬ’ಕಾರಕ್ಕೆ ಸಮೀಪವಾಗಿ ನುಡಿಯುತ್ತಾರೆ.) ನಡೆಯುವ ಸಂಗತಿಯನ್ನು ಹೇಳುವಾಗ ‘ಸೆ ಲಾವಾ’, ತೊಳೆದುಕೊಳ್ಳುತ್ತಾನೆ. ಅಪೇಕ್ಷೆಯನ್ನು ಹೇಳುವಾಗ ‘ಸೆ ಲಾವೆ’, ತೊಳೆದುಕೊಳ್ಳಲಿ. ಕನ್ನಡದಲ್ಲಿ ‘ಅಲಿ’ ಮಾಡುವ ಕೆಲಸವನ್ನು ಅಲ್ಲಿ ಕೊನೆಯ ಒಂದು ಸ್ವರ ಮಾಡುತ್ತದೆ. ‘ಆರ್’ ಎಂದು ಮುಗಿಯುವ ಧಾತುಗಳಲ್ಲಿ ಆಕಾರವು ಎಕಾರವಾಗುತ್ತದೆ. ಉಣ್ಣು ಎಂಬರ್ಥದ ‘ಕೋಮೆರ್’ ಮುಂತಾದವುಗಳಲ್ಲಿ ಇದಕ್ಕೆ ತಿರುಗುಮುರುಗಾಗಿ ‘ಕೋಮೆ’ ಎಂಬುದು ‘ಕೋಮಾ’ ಆಗುತ್ತದೆ. ಕಿವಿ ಚುರುಕಾಗಿರದಿದ್ದರೆ ಉಣ್ಣುತ್ತಾನೋ ಉಣ್ಣಲಿಯೋ ಎಂಬುದೇ ತಿಳಿಯದು.

ಕನ್ನಡಿಗನಿಗೆ ನಿಜವಾದ ತೊಡಕು ಪುರುಷಭೇದದಲ್ಲಿದೆ. ‘ಅವನು ತೊಳೆದುಕೊಳ್ಳಲಿ’, ‘ಅವರು ತೊಳೆದುಕೊಳ್ಳಲಿ’ ಎನ್ನುವಲ್ಲಿ ಕನ್ನಡದ ರೂಪ ಒಂದೇ. ‘ನಾವು’ ಬಂದರೆ ‘ತೊಳೆದುಕೊಳ್ಳೋಣ’ ಆಗುತ್ತದೆ. ‘ನಾನು’ ಬಂದರೆ ‘ತೊಳೆದುಕೊಳ್ಳಲೆ?’ ಎಂದು ಅಪ್ಪಣೆ ಕೇಳುವ ಪ್ರಶ್ನೆಯಾಗುತ್ತದೆ. ಸ್ಪ್ಯಾನಿಷಿನಲ್ಲಾದರೋ ಮುಂದಿನ ಗುರುತೂ ಹಿಂದಿನ ಪ್ರತ್ಯಯವೂ ಜೊತೆಜೊತೆಗೆ ಬದಲಾಗಬೇಕು: ನಾನು ಎಂಬುದಕ್ಕೆ ‘ಮೆ ಲಾವೆ’, ನೀನು ಎಂಬುದಕ್ಕೆ ‘ತೆ ಲಾವೆಸ್’, ನಾವು ಎಂಬುದಕ್ಕೆ ‘ನೋಸ್ ಲಾವೇಮೋಸ್’, ಅವರು ಎಂಬುದಕ್ಕೆ ‘ಸೆ ಲಾವೆನ್’. ಎಲ್ಲೆಡೆಯೂ ‘ಸೆ’ಯನ್ನೇ ಹಚ್ಚಿಬಿಡುವುದು ಕನ್ನಡದ ಅಭ್ಯಾಸಬಲದಿಂದ ಆಗುವ ತಪ್ಪು. ಗೌರವದಿಂದ ಆಜ್ಞಾಪಿಸುವಾಗ ಗುರುತು ಹಿಂದಕ್ಕೆ ಸರಿದು ‘ಲಾವೆಸೆ’, ತೊಳೆದುಕೊಳ್ಳಿರಿ, ಎಂದಾಗುತ್ತದೆ. ಬೇಡವೆನ್ನುವಾಗ ಮತ್ತೆ ಮುಂದೆ ಬಂದು ‘ನೋ ಸೆ ಲಾವೆ’ ಎಂದಾಗುತ್ತದೆ.

ಇಷ್ಟರ ಮೇಲೂ ಎರಡು ಭಾಷೆಗಳ ಹೊಂದಾಣಿಕೆ ಕೆಲವೆಡೆ ಬೆರಗುಗೊಳಿಸುವಂತಿದೆ. ‘ಮಗು ಕೈ ತೊಳೆದುಕೊಳ್ಳಲಿ ಎಂದು ತಾಯಿ ನೀರಿಡುತ್ತಾಳೆ’ ಎಂಬ ವಾಕ್ಯದ ಮೊದಲರ್ಧ ಸ್ಪ್ಯಾನಿಷಿನಲ್ಲಿ ‘ಪಾರಾ ಕೆ ಎಲ್ ನಿನ್ಯೋ ಸೆ ಲಾವೆ ಲಾಸ್ ಮಾನೋಸ್’ ಎಂದಾಗುತ್ತದೆ. ‘ಎಂದು’ ಇರುವಲ್ಲಿ ‘ಪಾರಾ ಕೆ’, ‘ಕೊಳ್ಳು’ ಇರುವಲ್ಲಿ ‘ಸೆ’, ‘ಅಲಿ’ ಇರುವಲ್ಲಿ ಎಕಾರ. ಇಂಗ್ಲಿಷಿನವನು ‘ಅವನ ಕೈ’ ಎಂದು ಹೇಳಲೇಬೇಕು. ಸ್ಪ್ಯಾನಿಷಿನವನು ಬರಿದೆ ‘ಕೈಗಳು’ ಎನ್ನುತ್ತಾನೆ, ಕನ್ನಡಿಗನೂ ಅಷ್ಟೆ. ಕೈ ಯಾರದೆಂಬುದನ್ನು ಕ್ರಿಯಾಪದವೇ ಹೇಳಿಯಾಗಿದೆ.

ಆದರೆ ಸಾಮ್ಯವನ್ನು ನೆಚ್ಚಿ ಬಹುದೂರ ಹೋಗಲಾಗದು. ಕನ್ನಡದ ವ್ಯಾಕರಣಕಾರರು ವಿಧ್ಯರ್ಥಕವನ್ನೂ ಸಂಭಾವನಾರ್ಥಕವನ್ನೂ ಬೇರೆಬೇರೆ ಇರಿಸಿದ್ದಾರೆ: ‘ಏಳಲಿ’ ಎಂಬುದು ಅಪೇಕ್ಷೆ, ‘ಎದ್ದಾನು’ ಎಂಬುದು ಸಂದೇಹದ ಊಹೆ. ಸ್ಪ್ಯಾನಿಷಿನ ಒಂದೇ ರೂಪ ಈ ಎರಡನ್ನೂ ಹೊರುತ್ತದೆ. ‘ಕೆ ಸೆ ಲೆವಾಂತೆ’ ಎಂದರೆ ಏಳಲಿ, ‘ಕಿಸಾ ಸೆ ಲೆವಾಂತೆ’ ಎಂದರೆ ಎದ್ದಾನು. ಮೊದಲಿನ ಪುಟ್ಟ ಪದವನ್ನು ಗಮನಿಸದೆ ಕನ್ನಡಕ್ಕೆ ತರುವವನು ಹಾರೈಕೆಯನ್ನು ಅನುಮಾನ ಮಾಡಿಬಿಟ್ಟಾನು. ಇನ್ನು ಏಳುವುದಕ್ಕೂ ಬೀಳುವುದಕ್ಕೂ ಸ್ಪ್ಯಾನಿಷಿನವರು ‘ಸೆ’ ಹಚ್ಚುತ್ತಾರೆ. ಕನ್ನಡದಲ್ಲಿ ‘ಮಗು ಬಿದ್ದುಕೊಳ್ಳದಿರಲಿ’ ಎಂದರೆ ಕೇಳಿದವರು ನಕ್ಕಾರು.

ಒಂದು ಭಾಷೆಯನ್ನು ಇನ್ನೊಂದರ ಬೆಳಕಿನಲ್ಲಿ ನೋಡುವ ಈ ಪದ್ಧತಿ ಉತ್ತರ ಕನ್ನಡ ಜಿಲ್ಲೆಗೆ ಹೊಸದಲ್ಲ. 1604ರಲ್ಲಿ ಕನ್ನಡಕ್ಕೆ ಸಂಸ್ಕೃತ ಸೂತ್ರಗಳಲ್ಲಿ ವ್ಯಾಕರಣವನ್ನು ರಚಿಸಿದ ಭಟ್ಟಾಕಳಂಕದೇವ ಹಾಡುವಳ್ಳಿಯ ಜೈನಮಠದ ಗುರುಪರಂಪರೆಗೆ ಸೇರಿದವನು.

ಇನ್ನೊಂದು ಸೂಕ್ಷ್ಮವಿದೆ, ಅದನ್ನು ಶಿಕ್ಷಕರೂ ಪಾಲಕರೂ ಗಮನಿಸಬೇಕು. ‘ಅವನು ಓದಲಿ’ ಎಂಬುದು ಹಾರೈಕೆ. ‘ಅವನು ಓದಿಕೊಳ್ಳಲಿ’ ಎಂದೊಡನೆ ಆಡಿದವನು ಒಂದು ಹೆಜ್ಜೆ ಹಿಂದೆ ಸರಿದಂತಾಗುತ್ತದೆ. ಓದು ಇನ್ನು ಹುಡುಗನ ಪಾಡು. ‘ಏನಾದರೂ ಮಾಡಿಕೊಳ್ಳಲಿ’ ಎಂಬಲ್ಲಿಗೆ ಬಂದರೆ ಸಂಬಂಧವನ್ನೇ ಕೈಬಿಟ್ಟ ಮಾತು. ಈ ಉದಾಸೀನವೆಲ್ಲ ಇರುವುದು ‘ಕೊಳ್ಳು’ ಎಂಬಲ್ಲಿ. ಸ್ಪ್ಯಾನಿಷಿನಲ್ಲಿ ಇದಕ್ಕೆ ‘ಕೆ ಆಗಾ ಲೋ ಕೆ ಕಿಯೇರಾ’ ಎನ್ನುತ್ತಾರೆ, ಎಂದರೆ ತಾನು ಬಯಸಿದ್ದನ್ನು ಮಾಡಲಿ. ಅಲ್ಲಿ ಎರಡು ಕ್ರಿಯಾಪದಗಳೂ ಅಪೇಕ್ಷೆಯ ರೂಪದಲ್ಲಿವೆ, ‘ಸೆ’ ಮಾತ್ರ ಇಲ್ಲ. ‘ಕೊಳ್ಳಲಿ’ ಕಂಡಲ್ಲೆಲ್ಲ ‘ಸೆ’ ಇಡುವ ವಿದ್ಯಾರ್ಥಿ ಇಲ್ಲಿ ಲೇಖನಿಯನ್ನು ತಡೆಯಬೇಕು.