ಕಣ್ಣಿಗೆ ಒಂದು, ಗಣಕಕ್ಕೆ ಎರಡು

'ಮುತ್ತಿನಕೊಪ್ಪ' ಎಂಬ ಹೆಸರಿನಲ್ಲಿ ಅಕ್ಷರಗಳೆಷ್ಟು? ನರಸಿಂಹರಾಜಪುರ ತಾಲ್ಲೂಕಿನ ಆ ಊರಿನ ಮಗುವನ್ನು ಕೇಳಿದರೆ ಮು, ತ್ತಿ, ನ, ಕೊ, ಪ್ಪ ಎಂದು ಬೆರಳು ಮಡಿಸಿ ಐದೆನ್ನುವುದು. ಪೈಥಾನ್ ಎಂಬ ಗಣಕಭಾಷೆಯನ್ನು ಕೇಳಿದರೆ ಹನ್ನೆರಡು ಎನ್ನುವುದು. ಅದೇ ಹೆಸರನ್ನು ಮತ್ತೊಂದು ಕಡತದಿಂದ ತೆಗೆದು ಕೇಳಿದರೆ ಹದಿಮೂರು ಎಂದರೂ ಎನ್ನಬಹುದು. ಇವುಗಳಲ್ಲಿ ಯಾವುದೂ ಸುಳ್ಳಲ್ಲ.

ಗಣಕವು ಅಕ್ಷರದ ರೂಪವನ್ನು ನೋಡುವುದಿಲ್ಲ, ಧ್ವನಿಯನ್ನು ಕೇಳುವುದಿಲ್ಲ. ಅದು ಬಲ್ಲುದು ಸಂಖ್ಯೆಯನ್ನು ಮಾತ್ರ. ಲೋಕದ ಲಿಪಿಗಳಿಗೆ ಸಂಖ್ಯೆಗಳನ್ನು ಹಂಚಿರುವ ಯೂನಿಕೋಡ್ ಎಂಬ ಏರ್ಪಾಡಿನಲ್ಲಿ ೧೯೯೧ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ಥಳವುಂಟು. ೩೨೦೦ರಿಂದ ೩೩೨೭ರವರೆಗಿನ ೧೨೮ ಮನೆಗಳು ನಮಗೆ ಮೀಸಲು. ಕಕಾರಕ್ಕೆ ೩೨೨೧, ಪಕಾರಕ್ಕೆ ೩೨೪೨. ಕೊಂಬು, ಗುಡಿಸು, ಒತ್ತನ್ನುಂಟುಮಾಡುವ ಚಿಹ್ನೆ, ಇವಕ್ಕೂ ಬೇರೆ ಬೇರೆ ಸಂಖ್ಯೆಗಳಿರುವುದರಿಂದಲೇ ಐದು ಹನ್ನೆರಡಾದುದು. ಎರಡು ಅಕ್ಷರಸರಗಳು ಒಂದೇ ಹೌದೋ ಅಲ್ಲವೋ ಎಂದು ಪ್ರಶ್ನಿಸಿದಾಗ ಪೈಥಾನ್ ಅವೆರಡನ್ನೂ ಅಕ್ಕಪಕ್ಕದಲ್ಲಿಟ್ಟು ಸಂಖ್ಯೆಗೆ ಸಂಖ್ಯೆಯನ್ನು ತಾಳೆ ನೋಡುತ್ತದೆ. ಒಂದು ತಪ್ಪಿದರೂ ಉತ್ತರ 'ಅಲ್ಲ'.

ಇನ್ನು ಹದಿಮೂರರ ಮಾತು. 'ಕೊ'ವಿನ ಓತ್ವಕ್ಕೆ ೩೨೭೪ ಎಂಬ ಒಂದೇ ಸಂಖ್ಯೆಯುಂಟು. ಆದರೆ ಓತ್ವವೆಂದರೆ ಏತ್ವದ ಪಕ್ಕಕ್ಕೆ ಕೊಂಬಿನ ಇಳಿಯೇ ತಾನೆ? ಆದುದರಿಂದ ೩೨೭೦, ೩೨೬೬ ಎಂದು ಬಿಡಿಬಿಡಿಯಾಗಿ ಇಟ್ಟರೂ ತೆರೆಯ ಮೇಲೆ ಮೂಡುವುದು ಅದೇ 'ಕೊ'. ಭೂತಗನ್ನಡಿ ಹಿಡಿದರೂ ಭೇದ ಕಾಣದು. ಹಳೆಯ ಕಡತಗಳನ್ನು ಯೂನಿಕೋಡಿಗೆ ತರುವಾಗ ಇಂಥ ಬಿಡಿ ಜೋಡಣೆ ನುಸುಳುವುದುಂಟು. ಪಟ್ಟಿಯಲ್ಲಿ ಒಂದು ರೀತಿ, ಹುಡುಕುವವನ ಕೈಯಲ್ಲಿ ಮತ್ತೊಂದು ರೀತಿ ಇದ್ದರೆ, ಮುತ್ತಿನಕೊಪ್ಪದ ಗೃಹಸ್ಥನಿಗೆ ತನ್ನ ಅಡಕೆ ತೋಟದ ದಾಖಲೆ ಕಣ್ಣೆದುರಿಗಿದ್ದರೂ 'ಅಂಥ ಊರಿಲ್ಲ' ಎಂಬ ಉತ್ತರ ದೊರೆತೀತು. ಕೊಪ್ಪ ತಾಲ್ಲೂಕಿಗೂ ಇದೇ ಗತಿ.

ಇದಕ್ಕೆ ಮದ್ದುಂಟು. ಹೋಲಿಸುವುದಕ್ಕೆ ಮೊದಲು ಎರಡು ಸರಗಳನ್ನೂ ಒಂದೇ ಪಾಕಕ್ಕೆ ತರುವ 'ನಾರ್ಮಲೈಸ್' ಎಂಬ ಕ್ರಿಯೆ ಪೈಥಾನಿನೊಡನೆಯೇ ಬರುತ್ತದೆ. ಬಿಡಿ ಏತ್ವವನ್ನೂ ಇಳಿಯನ್ನೂ ಅದು ಬೆಸೆದು ೩೨೭೪ ಮಾಡಿಬಿಡುತ್ತದೆ. ಈ ಒಂದು ಸಾಲನ್ನು ಬರೆಯದೆ ಜನರ ಹೆಸರುಗಳನ್ನು ಹೋಲಿಸಹೊರಡುವವನನ್ನು ನಾವು ಸೋಮಾರಿಯೆಂದೇ ಕರೆಯುವೆವು.

ಶೃಂಗೇರಿಯ ಸೊನ್ನೆಗೆ ಮಾತ್ರ ಈ ಮದ್ದು ತಾಗದು. ಅನುಸ್ವಾರದ ಸಂಖ್ಯೆ ೩೨೦೨, ಲೆಕ್ಕದ ಸೊನ್ನೆಯದು ೩೩೦೨. ರೂಪ ಒಂದೇ ಆದರೂ ಅವು ನಿಜವಾಗಿ ಬೇರೆ ಬೇರೆ. ಬೆರಳಚ್ಚು ಮಾಡುವವರು ಇದಕ್ಕೆ ಬದಲು ಅದನ್ನು ಒತ್ತಿದ್ದರೆ, ಪದದ ನಡುವೆ ಕುಳಿತ ಅಂಕಿಯನ್ನು ಹುಡುಕಿ ತಿದ್ದುವ ನಿಯಮವನ್ನು ಬೇರೆಯಾಗಿಯೇ ಬರೆಯಬೇಕು.

ಹೋಲಿಕೆಯೆಂದರೆ ಸಮಾನತೆಯೊಂದೇ ಅಲ್ಲ. ಯಾವುದು ಮುಂಚೆ, ಯಾವುದು ಆಮೇಲೆ ಎಂಬುದೂ ಉಂಟು. ನಮ್ಮ ವರ್ಣಮಾಲೆಯ ಕೊನೆಗೆ ಹ, ಆಮೇಲೆ ಳ. ಯೂನಿಕೋಡಿನಲ್ಲಾದರೋ ಳಕಾರವು ಲಕಾರದ ಬೆನ್ನಿಗೇ ೩೨೫೧ರಲ್ಲಿ ಕುಳಿತಿದೆ, ಹಕಾರ ೩೨೫೭ರಲ್ಲಿದೆ. ನಿಘಂಟಿನಲ್ಲಿ 'ಮಹಡಿ'ಯ ನಂತರ ಬರತಕ್ಕ 'ಮಳೆ' ಗಣಕದ ಪಟ್ಟಿಯಲ್ಲಿ ಮುಂದಾಗಿ ಬಂದುಬಿಡುತ್ತದೆ. (ಮಲೆನಾಡಿನವರಿಗೆ ಇದೇ ಸರಿಯೆಂದು ತೋರಿದರೆ ಆಶ್ಚರ್ಯವಿಲ್ಲ.) ಳಕಾರವನ್ನು ಹಕಾರದ ಆಚೆಗೆ ಕೂರಿಸುವ ಕೋಷ್ಟಕವೊಂದನ್ನು ಒದಗಿಸಿಕೊಟ್ಟ ಮೇಲೆಯೇ ಆ ಪಟ್ಟಿ ಅಕಾರಾದಿಯಾಗುವುದು.