ಅಂದಾಜುಪಟ್ಟಿಯಲ್ಲಿ ಕಾಣದ ಬಾಬ್ತು: ನಿವೇಶನದ ಮಣ್ಣು ಮತ್ತು ಮಳೆನೀರು

ಗೋದಾಮು ಅಥವಾ ಕಾರ್ಖಾನೆಯ ಷೆಡ್ ಕಟ್ಟಲು ಮುಂದಾಗುವ ಉದ್ಯಮಿಯು ಸಿಮೆಂಟು, ಕಬ್ಬಿಣ, ಜಲ್ಲಿ, ಕೂಲಿ ಮುಂತಾದವುಗಳ ಲೆಕ್ಕವನ್ನು ಪೈಸೆ ಪೈಸೆಗೂ ಹಾಕುತ್ತಾನೆ. ಆದರೆ ನೆಲವನ್ನು ಅಗೆದು ಸಮತಟ್ಟು ಮಾಡಿದ ಮೇಲೆ ಮಳೆ ಸುರಿದರೆ ಸಡಿಲಗೊಂಡ ಮಣ್ಣು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೆ ಅಂದಾಜುಪಟ್ಟಿಯಲ್ಲಿ ಸ್ಥಾನವಿರುವುದಿಲ್ಲ. ಆ ಮಣ್ಣು ಚರಂಡಿಗೆ, ಅಲ್ಲಿಂದ ಹಳ್ಳಕ್ಕೆ, ಕಡೆಗೆ ಕೆರೆಗೆ ಸೇರುತ್ತದೆ. ಇದರಿಂದ ವೆಚ್ಚ ಉಳಿಯುವುದಿಲ್ಲ. ಬೇರೆಯವರ ಖಾತೆಗೆ ವರ್ಗಾವಣೆಯಾಗುತ್ತದೆ, ಅಷ್ಟೆ.

ಒಂದು ಕಾಲಕ್ಕೆ ಪಾಳೆಯಗಾರರ ರಾಜಧಾನಿಯಾಗಿದ್ದ ಹಾಗಲವಾಡಿ ಇಂದು ಗುಬ್ಬಿ ತಾಲ್ಲೂಕಿನ ಹೋಬಳಿ ಕೇಂದ್ರ. ಇದೇ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆ ಪ್ರದೇಶದ ಎಚ್.ಎ.ಎಲ್. ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಲೋಕಾರ್ಪಣೆಗೊಂಡಿತು. ದೊಡ್ಡ ಉದ್ಯಮದ ಹಿಂದೆ ಸಣ್ಣ ಷೆಡ್ಡುಗಳೂ ಗೋದಾಮುಗಳೂ ಏಳುವುದು ಸಹಜ. ಆದರೆ ಈ ಸೀಮೆಯ ತೆಂಗು, ಅಡಿಕೆ ತೋಟಗಳು ಕೆರೆ ಮತ್ತು ಕೊಳವೆಬಾವಿಗಳನ್ನೇ ನಂಬಿವೆ. ಕೆರೆಗೆ ಹೂಳು ತುಂಬಿದರೆ ನೀರಿನ ಸಂಗ್ರಹ ಕುಗ್ಗುತ್ತದೆ. ನುಣ್ಣನೆಯ ಜೇಡಿಯ ಪದರ ತಳದಲ್ಲಿ ಕೂತರೆ ಅಂತರ್ಜಲಕ್ಕೆ ಇಂಗುವ ನೀರೂ ಕಡಿಮೆಯಾಗುತ್ತದೆ. ತೋಟದ ಫಸಲು ಸೊರಗಿದರೆ ಮಂಡಿಗೆ ಬರುವ ಮಾಲು ಸೊರಗುತ್ತದೆ. ಹೀಗೆ ವರ್ತಕನು ವರ್ಗಾಯಿಸಿದ ವೆಚ್ಚ ಅವನ ಬಾಗಿಲಿಗೇ ಮರಳುತ್ತದೆ.

ಮಣ್ಣಿನ ಲೆಕ್ಕ

ಒಂದು ಎಕರೆ ನಿವೇಶನದ ಮೇಲೆ 50 ಮಿ.ಮೀ. ಮಳೆ ಬಿದ್ದರೆ ಸುಮಾರು 2 ಲಕ್ಷ ಲೀಟರ್ ನೀರಾಗುತ್ತದೆ. ಆ ನೆಲದಿಂದ ಕೇವಲ 1 ಮಿ.ಮೀ. ದಪ್ಪದ ಮಣ್ಣು ಕೊಚ್ಚಿಹೋದರೂ ಅದು 4 ಘನ ಮೀಟರ್, ಅಂದರೆ 5ರಿಂದ 6 ಟನ್. ಹುಲ್ಲು, ಗಿಡಗಂಟಿಗಳಿರುವ ನೆಲ ಈ ಮಣ್ಣನ್ನು ಹಿಡಿದಿಡುತ್ತದೆ. ಯಂತ್ರದಿಂದ ಕೆರೆದ ನೆಲ ಹಿಡಿದಿಡಲಾರದು.

ಈ ಪಾಠವನ್ನು ಜಿಲ್ಲೆಯು ಗಣಿಗಳಿಂದ ಈಗಾಗಲೇ ಕಲಿತಿದೆ. ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ತುಮಕೂರು ಜಿಲ್ಲೆಯಲ್ಲಿಯೂ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ತಡೆಹಿಡಿಯಿತು. ಬಳಿಕ ಗಣಿಗಳ ಪುನರಾರಂಭಕ್ಕೆ ಪುನಶ್ಚೇತನ ಯೋಜನೆಯನ್ನು ಕಡ್ಡಾಯಗೊಳಿಸಲಾಯಿತು. ಮಣ್ಣಿನ ರಾಶಿಯ ಬುಡಕ್ಕೆ ತಡೆಗೋಡೆ, ಸುತ್ತಲೂ ಕಾಲುವೆ, ಹೂಳು ತಂಗುವ ಹೊಂಡ, ಹಳ್ಳಕ್ಕೆ ತಡೆ ಒಡ್ಡು ಮುಂತಾದವು ಅಂತಹ ಯೋಜನೆಗಳ ಮುಖ್ಯ ಅಂಶಗಳು. ಅರ್ಧ ಎಕರೆಯ ನಿವೇಶನಕ್ಕೂ ಇವೇ ಉಪಾಯಗಳು ಸಣ್ಣ ಪ್ರಮಾಣದಲ್ಲಿ ಸಾಕು.

ಕೈಗೊಳ್ಳಬೇಕಾದ ಕ್ರಮಗಳು

1. ಈ ಭಾಗದಲ್ಲಿ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಮಳೆ ಹೆಚ್ಚು. ನೆಲ ಅಗೆಯುವ ಕೆಲಸವನ್ನು ಬೇಸಿಗೆಯಲ್ಲೇ ಮುಗಿಸಬೇಕು; ಅಗತ್ಯವಿರುವಷ್ಟು ಜಾಗವನ್ನು ಮಾತ್ರ ಕೆರೆಯಬೇಕು.

2. ಮೇಲ್ಭಾಗದಿಂದ ಹರಿದುಬರುವ ನೀರು ನಿವೇಶನದೊಳಕ್ಕೆ ನುಗ್ಗದಂತೆ ಬದು ಹಾಕಿ ಪಕ್ಕಕ್ಕೆ ತಿರುಗಿಸಬೇಕು.

3. ಇಳಿಜಾರಿನ ಕೆಳತುದಿಯಲ್ಲಿ ಮರಳಿನ ಮೂಟೆ ಅಥವಾ ಕಲ್ಲಿನ ಸಾಲು, ಅದರ ಹಿಂದೆ ಹೂಳಿನ ಗುಂಡಿ ಇರಬೇಕು. ಗುಂಡಿ ಅರ್ಧ ತುಂಬುತ್ತಲೇ ಹೂಳೆತ್ತಬೇಕು.

4. ಮರಳು, ಮಣ್ಣಿನ ರಾಶಿಗಳನ್ನು ಚರಂಡಿಯಿಂದ ದೂರವಿಟ್ಟು ಟಾರ್ಪಾಲಿನ್ ಹೊದಿಸಬೇಕು. ಲಾರಿ ಹೊರಬರುವ ದಾರಿಗೆ ದಪ್ಪ ಜಲ್ಲಿ ಹಾಸಿದರೆ ಚಕ್ರದ ಕೆಸರು ರಸ್ತೆಗೆ ಬಾರದು.

5. ಕಾಂಕ್ರೀಟ್ ಯಂತ್ರ ತೊಳೆದ ನೀರು ತೀವ್ರ ಕ್ಷಾರಯುಕ್ತ, ಮೀನುಗಳಿಗೆ ಮಾರಕ. ಅದಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿದ ಪ್ರತ್ಯೇಕ ಗುಂಡಿ ಬೇಕು.

6. ಕೆಲಸ ಮುಗಿದ ಇಳಿಜಾರಿಗೆ ಕೂಡಲೇ ಹುಲ್ಲು ಹಾಕಬೇಕು. ಹುಲ್ಲು ಬೇರೂರುವವರೆಗೆ ತೆಂಗಿನ ನಾರಿನ ಜಾಲವು ಮಣ್ಣನ್ನು ಹಿಡಿದಿಡುತ್ತದೆ. ಗ್ರಾಮ ಸಡಕ್ ಯೋಜನೆಯ ರಸ್ತೆಗಳಲ್ಲಿ ಇದರ ಬಳಕೆಗೆ 2020ರಲ್ಲಿ ಅನುಮತಿ ದೊರೆತಿರುವುದು ನಾರಿನ ಉದ್ಯಮಿಗಳು ಗಮನಿಸಬೇಕಾದ ಸಂಗತಿ.

ಕಾನೂನು ಮತ್ತು ಲೆಕ್ಕಪತ್ರ

ಅಮೆರಿಕದಲ್ಲಿ 2003ರಿಂದ ಒಂದು ಎಕರೆಯ ಕಾಮಗಾರಿಗೂ ಮಳೆನೀರಿನ ಪರವಾನಗಿ ಅವಶ್ಯ. ನಮ್ಮಲ್ಲಿ 2006ರ ಪರಿಸರ ಅಧಿಸೂಚನೆಯು ಕಟ್ಟಡ ಯೋಜನೆಗಳ ಪೂರ್ವಾನುಮತಿಗೆ ನಿಗದಿಪಡಿಸಿದ ಮಿತಿ 20,000 ಚದರ ಮೀಟರ್ ನಿರ್ಮಿತ ವಿಸ್ತೀರ್ಣ. ಸಣ್ಣ ಕಟ್ಟಡಗಳು ಇದರ ಹೊರಗೆ ಉಳಿದರೂ ಹೊಣೆಯಿಂದ ಮುಕ್ತವಲ್ಲ. 1974ರ ಜಲಮಾಲಿನ್ಯ ನಿಯಂತ್ರಣ ಕಾಯ್ದೆ ಹಾಗೂ ರಾಜ್ಯದ 2014ರ ಕೆರೆ ಸಂರಕ್ಷಣಾ ಮತ್ತು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆಗಳು ಎಲ್ಲರಿಗೂ ಅನ್ವಯಿಸುತ್ತವೆ. ಕೆರೆಗೆ ಮಣ್ಣು, ಕಟ್ಟಡದ ಅವಶೇಷ ಸುರಿಯುವಂತಿಲ್ಲ.

ಲೆಕ್ಕಪತ್ರದ ದೃಷ್ಟಿಯಿಂದಲೂ ಮುನ್ನೆಚ್ಚರಿಕೆಯೇ ಲಾಭದಾಯಕ. ಲೆಕ್ಕಪತ್ರ ಮಾನದಂಡ 10ರ ಪ್ರಕಾರ ನಿವೇಶನವನ್ನು ಸಿದ್ಧಪಡಿಸುವ ನೇರ ವೆಚ್ಚವು ಆಸ್ತಿಯ ಮೂಲಬೆಲೆಗೆ ಸೇರುತ್ತದೆ. ಕಟ್ಟಡಕ್ಕೆ ಸೇರಿದ ಭಾಗದ ಮೇಲೆ ಸವಕಳಿಯೂ ದೊರೆಯುತ್ತದೆ. ಕಾನೂನು ಮುರಿದುದಕ್ಕೆ ತೆತ್ತ ದಂಡವಾದರೋ ಆದಾಯ ತೆರಿಗೆಯಲ್ಲಿ ವ್ಯವಹಾರದ ವೆಚ್ಚವೆಂದು ಮಾನ್ಯವಾಗುವುದಿಲ್ಲ.

ಆದ್ದರಿಂದ ಗುತ್ತಿಗೆದಾರನಿಗೆ ನೀಡುವ ಕಾರ್ಯಾದೇಶದಲ್ಲಿಯೇ ಬದು, ಗುಂಡಿ, ಹೊದಿಕೆಗಳನ್ನು ಪ್ರತ್ಯೇಕ ಬಾಬ್ತಾಗಿ ದರಸಹಿತ ನಮೂದಿಸುವುದು ಯುಕ್ತ. ನೆರೆಯ ಚರಂಡಿಯನ್ನು ಶುಚಿಗೊಳಿಸಿದ ನಂತರವೇ ಕೊನೆಯ ಬಿಲ್ಲು ಪಾವತಿಸುವುದೆಂಬ ಷರತ್ತೂ ಇರಲಿ. ಬಾಬ್ತು ಬರೆದಲ್ಲಿ ಕೆಲಸ ಆಗುತ್ತದೆ. ಬರೆಯದಿದ್ದರೆ ಕೆರೆಯೇ ಅದನ್ನು ಭರಿಸಬೇಕಾಗುತ್ತದೆ.